ಉಚಿತ ಫೈಲಿನಿಂದ ಗೋಡೆಯವರೆಗೆ: ಯಾನ್ ಸ್ಟೇನ್‌ನ ‘ರೋಗಿ ಹೆಂಗಸು’

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ತನ್ನ ಹಳೆಯ ಚಿತ್ರಗಳನ್ನು ಜಾಲತಾಣದಲ್ಲಿ ದೊಡ್ಡ ಗಾತ್ರದಲ್ಲೇ ಪುಕ್ಕಟೆ ಕೊಡುತ್ತದೆ. ಹಕ್ಕುಸ್ವಾಮ್ಯ ಮುಗಿದವುಗಳನ್ನು ಪ್ರಿಂಟ್ ಹಾಕಿಸಲು ಯಾರ ಅನುಮತಿಯೂ ಬೇಡ. ಈ ಸೇವೆಯ ಗುಣ ತಿಳಿಯಲು ಡಚ್ ಚಿತ್ರಕಾರ ಯಾನ್ ಸ್ಟೇನ್ 1663–66ರ ಸುಮಾರಿಗೆ ಬರೆದ ‘ರೋಗಿ ಹೆಂಗಸು’ ತಕ್ಕ ಚಿತ್ರ. ಹಿನ್ನೆಲೆ ಮಬ್ಬು, ವೈದ್ಯನ ಉಡುಪು ಕಪ್ಪು, ತಮಾಷೆಯೆಲ್ಲ ಸಣ್ಣ ವಸ್ತುಗಳಲ್ಲಿ ಅಡಗಿದೆ.

ಬಳಲಿ ಕುಳಿತ ಯುವತಿಯ ನಾಡಿಯನ್ನು ವೈದ್ಯ ಹಿಡಿದಿದ್ದಾನೆ. ಅವನ ವೇಷ ಆ ಕಾಲಕ್ಕೇ ಹಳತು, ನಾಟಕದ ಅಳಲೆಕಾಯಿ ಪಂಡಿತನದು. ನೆಲದ ಮೇಲಿನ ಅಗ್ಗಿಷ್ಟಿಕೆಯೇ ಚಿತ್ರದ ಕೀಲಿ. ರೋಗಿಯ ಬಟ್ಟೆಯ ರಿಬ್ಬನ್ ಸುಟ್ಟು, ಆ ವಾಸನೆಯಿಂದ ಅವಳಿಗೆ ಪ್ರೇಮಜ್ವರವೋ ಬಸಿರೋ ಎಂದು ಹೇಳುವ ಢೋಂಗಿಗಳು ಆಗ ಇದ್ದರು. ಮ್ಯೂನಿಕ್‌ನಲ್ಲಿರುವ ಸ್ಟೇನ್‌ನ ಇಂಥದೇ ಇನ್ನೊಂದು ಚಿತ್ರದಲ್ಲಂತೂ ಯುವತಿಯ ಕೈಯ ಚೀಟಿಯೇ ಹೇಳುತ್ತದೆ: ಮದ್ದು ನಾಟದು, ಇದು ಪ್ರೇಮದ ಬೇನೆ. ಪ್ರಿಂಟಿನಲ್ಲಿ ಅಗ್ಗಿಷ್ಟಿಕೆ ಕಾಣದಿದ್ದರೆ ಉಳಿಯುವುದು ಬರೀ ಕಾಯಿಲೆಯ ಚಿತ್ರ.

ಮೂಲದ ಅಳತೆ 76 × 63.5 ಸೆಂ.ಮೀ., ಅಂದರೆ ಹೆಚ್ಚುಕಡಿಮೆ 6:5. ನಮ್ಮ ಸ್ಟುಡಿಯೋಗಳ 10 × 12 ಇಂಚಿನ ಫ್ರೇಮಿಗೆ ಕತ್ತರಿಸದೆ ಕೂರುತ್ತದೆ. ದೊಡ್ಡದು ಬೇಕಿದ್ದರೆ 20 × 24. ಲ್ಯಾಬಿನವರು 12 × 18 ಅಗ್ಗ ಎಂದರೆ ಒಪ್ಪಬೇಡಿ. ಪೂರ್ತಿ ತುಂಬಿಸಲು ಹೋದರೆ ಅಗಲದಲ್ಲಿ ಐದನೇ ಒಂದು ಪಾಲು ಹಾರಿಹೋಗುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 10 × 12ಕ್ಕೆ 3000 × 3600 ಸಾಕು. 20 × 24 ಅನ್ನು ದೂರದಿಂದ ನೋಡುವುದರಿಂದ 150ರ ಲೆಕ್ಕವೂ ನಡೆಯುತ್ತದೆ, ಅಂದರೆ ಅದೇ ಫೈಲು.

ಕೆಡುವುದು ಬಹುತೇಕ ಲ್ಯಾಬಿನಲ್ಲೇ. ಮುಖ ಬೆಳ್ಳಗಾಗಲೆಂದು ಯಂತ್ರದ ಆಟೋ ಕರೆಕ್ಷನ್ ಕತ್ತಲನ್ನು ಎತ್ತುತ್ತದೆ. ಮದುವೆ ಫೋಟೋಗೆ ಸರಿ, ಇಲ್ಲಿ ಕಪ್ಪು ಉಡುಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಆಫ್ ಮಾಡಿಸಿ. ಆಫ್ ಮಾಡಿದರೂ ಕಪ್ಪೆಲ್ಲ ಒಂದೇ ಮುದ್ದೆಯಾದರೆ, ನೆರಳಿನ ಭಾಗವನ್ನು ಮಾತ್ರ ಸ್ವಲ್ಪ ತಿಳಿಗೊಳಿಸಿ, ಮೊದಲು ಅಗ್ಗಿಷ್ಟಿಕೆಯ ಭಾಗವನ್ನಷ್ಟೇ 4 × 6ರಲ್ಲಿ ತೆಗೆಸಿ ನೋಡಿ. ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. ಕಾಗದ ಹೊಳಪಿಲ್ಲದ ಮ್ಯಾಟ್ ಅಥವಾ ಮಂದ ಹೊಳಪಿನ ಲಸ್ಟರ್ ಇರಲಿ. ಗ್ಲಾಸಿಯಲ್ಲಿ ಕತ್ತಲ ಭಾಗವೆಲ್ಲ ಕನ್ನಡಿಯಾಗಿ ಎದುರಿನ ಕಿಟಕಿಯೇ ಕಾಣುತ್ತದೆ.

ಕ್ಯಾನ್ವಾಸ್ ಪ್ರಿಂಟ್ ಬೇಡವೇ ಬೇಡ. ಮೂಲದ ಬಿರುಕು ಫೈಲಿನಲ್ಲೇ ಇದೆ, ಅದರ ಮೇಲೆ ಬಟ್ಟೆಯ ನೇಯ್ಗೆಯೂ ಸೇರಿ ಮುಖಗಳು ಒರಟಾಗುತ್ತವೆ.

ಚಿತ್ರದ ಗುಣಮಟ್ಟಕ್ಕೆ ಪೂರ್ತಿ ಅಂಕ. ಜೊತೆಗಿನ ವಿವರಣೆಗೆ ಅಷ್ಟಿಲ್ಲ: ನಾಲ್ಕಾರು ಸಾಲು, ಅದೂ ಡಚ್ ಮತ್ತು ಇಂಗ್ಲಿಷಿನಲ್ಲಿ ಮಾತ್ರ.