ಹಿಟ್ಟು ನಾದುವುದೋ, ಒಂದು ವರ್ಷವನ್ನೇ ಕೊಡುವುದೋ?

ಅಮೆರಿಕದ ಕಾಲೇಜಿನಲ್ಲಿರುವ ಯಹೂದಿ ವಿದ್ಯಾರ್ಥಿಗೆ ಸೇವೆ ಮಾಡುವ ಮನಸ್ಸಿದ್ದರೆ ದಾರಿಗಳು ಬೇಕಾದಷ್ಟಿವೆ. ಮೊದಲು ನಿಮ್ಮ ಕೈಯಲ್ಲಿ ಎಷ್ಟು ಬಿಡುವಿದೆ ನೋಡಿಕೊಳ್ಳಿ.

ಕ್ಲಾಸು, ಪರೀಕ್ಷೆ ಬಿಡದೆ ಮಾಡಬೇಕು ಅಂದರೆ 'ಹಲ್ಲಾ ಫಾರ್ ಹಂಗರ್' ಎಂಬ ವಿದ್ಯಾರ್ಥಿ ಸಂಘಟನೆ (ಆಮೇಲೆ 'ನಜೂನ್' ಎಂದು ಹೆಸರು ಬದಲಾಯಿತು) ಒಳ್ಳೆಯದು. 2004ರಲ್ಲಿ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜಿನಲ್ಲಿ ಶುರುವಾಯಿತು. ಹಲ್ಲಾ ಅಂದರೆ ಶುಕ್ರವಾರ ಸಂಜೆ ಸಬ್ಬತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ಊಟಕ್ಕೆ ಇಡುವ ಬ್ರೆಡ್ಡು. ಹಿಟ್ಟು ನಾದಿ, ಉಬ್ಬಲು ಬಿಟ್ಟು, ಎಳೆಗಳನ್ನು ಜಡೆಯಂತೆ ಹೆಣೆದು, ಮೇಲೆ ಮೊಟ್ಟೆ ಸವರಿ ಓವನ್ನಿಗೆ ಇಡುತ್ತಾರೆ. ಕ್ಯಾಂಪಸ್ಸಿನಲ್ಲೇ ಮಾರಿ, ಬಂದ ಲಾಭವನ್ನು ಹಸಿವಿನ ವಿರುದ್ಧ ಕೆಲಸ ಮಾಡುವವರಿಗೆ ಕೊಡುತ್ತಾರೆ. ಬೇಯಿಸಲು ಬರದಿದ್ದರೂ ನಡೆಯುತ್ತದೆ, ಕಲಿಸುವವರು ಪಕ್ಕದಲ್ಲೇ ಇರುತ್ತಾರೆ. ಆದರೆ ನೆರವು ಪಡೆಯುವವರ ಮುಖ ನೋಡುವುದು ಕಮ್ಮಿ.

ಕ್ಯಾಂಪಸ್ಸುಗಳಲ್ಲಿ ಯಹೂದಿ ವಿದ್ಯಾರ್ಥಿಗಳಿಗಾಗಿ ಇರುವ ಹಿಲೆಲ್ ಸಂಸ್ಥೆಯ ರಜೆಯ ಸೇವಾ ಪ್ರವಾಸ ಬೇರೆ ಥರ. ಸಾಮಾನ್ಯವಾಗಿ ಒಂದು ವಾರ. 2005ರ ಕತ್ರಿನಾ ಚಂಡಮಾರುತದ ನಂತರ ವಿದ್ಯಾರ್ಥಿಗಳು ನ್ಯೂ ಆರ್ಲಿಯನ್ಸ್ ಕಡೆ ಹೋಗಿ ಮನೆ ರಿಪೇರಿ ಮಾಡಿದ್ದು ಹೀಗೆಯೇ. ಸ್ನೇಹ ಬೇಗ ಬೆಳೆಯುತ್ತದೆ. ಆದರೆ ಒಂದು ವಾರದಲ್ಲಿ ಊರಿನ ಕಷ್ಟ ಅರ್ಥವಾಗಿಬಿಡುತ್ತದೆಯೇ? ಇಲ್ಲ ಅಲ್ವಾ! ಸುಮ್ನೆ ಫೋಟೋಕ್ಕೆ ಹೋಗುವುದಾದರೆ ಬೇಡ.

ಓದು ಮುಗಿಯುತ್ತಾ ಬಂದಿದ್ದರೆ ಆವೋದಾ ಎಂಬ ಯಹೂದಿ ಸೇವಾ ಸಂಸ್ಥೆಯ ಕಾರ್ಯಕ್ರಮ ನೋಡಿ. ಒಂದೇ ಮನೆಯಲ್ಲಿ ಜೊತೆಯಾಗಿದ್ದು, ಸುಮಾರು ವರ್ಷಪೂರ್ತಿ ಬಡತನದ ವಿರುದ್ಧ ಹೋರಾಡುವ ಸಂಸ್ಥೆಗಳಲ್ಲಿ ದುಡಿಯಬೇಕು. ಕೈಗೆ ಬರುವ ಭತ್ಯೆ ಸಣ್ಣದು, ಕಲಿಯುವುದು ಜಾಸ್ತಿ. ನನ್ನ ಓಟು ಇದಕ್ಕೇ. ಸೇರುವ ಮುನ್ನ ಸಾಲದ ಕಂತಿನ ಲೆಕ್ಕ ಮಾತ್ರ ಹಾಕಿಕೊಳ್ಳಿ.