‘ರೇಡಿಯಂ ಪ್ರಿಂಟ್’ ಆರ್ಡರ್ ಹಿಡಿಯುವ ಮೊದಲು ಇದನ್ನ ಓದಿ

ಕಲಬುರಗಿಯಲ್ಲಿ ನಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಕೈಚೀಲ, ಕ್ರಿಕೆಟ್ ಟೀಮಿನ ಟೀ ಶರ್ಟು, ಇದೇ ಕೆಲಸ. ಕಳೆದ ಡಿಸೆಂಬರಿನಲ್ಲಿ ರೇಡಿಯಂ ಪ್ರಿಂಟ್ ಹೊಡೆಯಲು ಹೋಗಿ 80 ಅಂಗಿ ಹಾಳು ಮಾಡಿಬಿಟ್ಟೆ. ಅಂಗಿ ಹೋದರೆ ಹೋಗಲಿ, ಅದನ್ನು ನಂಬಿ ತೊಟ್ಟುಕೊಂಡ ಹುಡುಗನೊಬ್ಬನ ಮೊಣಕೈಗೆ ಹೊಲಿಗೆ ಬಿದ್ದವು. ಈ ಕೆಲಸ ಮಾಡುವವರೂ ಮಾಡಿಸುವವರೂ ತಿಳಿದುಕೊಳ್ಳಲಿ ಅಂತ ಬರೀತಿದ್ದೀನಿ.

ದತ್ತ ಜಯಂತಿಗೆ ನಮ್ಮ ಕಡೆಯಿಂದ ದೇವಲ ಗಾಣಗಾಪುರಕ್ಕೆ ನಡಕೊಂಡು ಹೋಗುವವರು ಇರ್ತಾರೆ. ರಾತ್ರಿಯೆಲ್ಲಾ ನಡೀತಾರೆ. ಆ ಹೊತ್ತಿಗೆ ಅಫಜಲಪುರ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ಎರಡೆರಡು ಟ್ರೇಲರು, ಎಷ್ಟಕ್ಕೋ ಹಿಂದಿನ ಲೈಟೇ ಇರಲ್ಲ. ಒಂದು ತಂಡದ ಹಿರಿಯರು ಬಂದು ಹೇಳಿದರು: “ಕರೀ ಅಂಗಿ ಬೆನ್ನಿಗಿ ರೇಡಿಯಂದಾಗ ದತ್ತನ ಹೆಸರು ಹೊಡೀರಿ. ಗಾಡಿಯವ್ರಿಗಿ ದೂರದಿಂದ ಕಾಣಬೇಕು ನೋಡ್ರಿ.” ಸೋವಿಗೆ ಸಿಕ್ಕವು ಅಂತ ಕಪ್ಪು ಪಾಲಿಯೆಸ್ಟರ್ ಅಂಗಿಗಳನ್ನ ಅವರೇ ತಂದಿದ್ದರು. ಅವರ ಕಡೇ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ರೇಡಿಯಂ ಅನ್ನೋದಷ್ಟೇ ಉಳಿಯಿತು.

ಇಂಕ್ ಮಾರುವವನೊಬ್ಬ ಅರ್ಧ ಕೆಜಿ ಪುಡಿ ಕೊಟ್ಟ. ಡಬ್ಬಿ ಮೇಲೆ ಹೆಸರಿಲ್ಲ, ಏನು ಅಂತ ಬರೆದಿಲ್ಲ. “ಯಾವುದರಾಗ ಬೇಕಾದ್ರ ಕಲಸ್ರಿ, ಬೆಳತನಕ ಹೊಳೀತದ” ಅಂದ. ಕೈಯಲ್ಲಿದ್ದ ವಾಟರ್‌ಬೇಸ್ ಬೈಂಡರಿಗೆ, ಅಂದರೆ ನೀರು ಬೆರೆತ ಅಂಟಿಗೆ, ಕಲಸಿದೆ. ಅಕ್ಷರದ ಅಂಚು ಚೂಪಾಗಿ ಬರಲಿ ಅಂತ ಸಣ್ಣ ಕಣ್ಣಿನ ಸ್ಕ್ರೀನ್ ತಗೊಂಡೆ, ಸೆಂಟಿಮೀಟರಿಗೆ 100 ಎಳೆಯದು. ಕೆಳಗೆ ಬಿಳಿ ಇಂಕಿನ ಪದರ ಹಾಕಲಿಲ್ಲ.

ಹತ್ತಿಪ್ಪತ್ತು ಅಂಗಿ ಆಗೋದರಲ್ಲಿ ಸ್ಕ್ವೀಜಿ (ಇಂಕು ಎಳೆಯುವ ರಬ್ಬರ್ ಪಟ್ಟಿ) ಎಳೆದಾಗ ಕರಕರ ಸದ್ದು ಬರತೊಡಗಿತು. ಸ್ಕ್ರೀನಿನ ಮೂಲೆಯ ಇಂಕನ್ನ ಹೆಬ್ಬೆರಳಲ್ಲಿ ತಿಕ್ಕಿ ನೋಡಿದೆ, ಸಣ್ಣ ರವೆ ಹಂಗೆ ಉರುಟುರುಟು. ಬೈಂಡರ್ ಅಂಗಿಗೆ ಇಳಿದಿತ್ತು, ಪುಡಿ ಸ್ಕ್ರೀನಿನ ಜಾಳಿಗೆಯ ಮೇಲೇ ಕೂತಿತ್ತು. ಆಗಲೇ ನಿಲ್ಲಿಸಬೇಕಿತ್ತು. ಮರುದಿನ ಕೊಡುವ ಮಾತಿತ್ತು, ನಿಲ್ಲಿಸಲಿಲ್ಲ.

ಮೊದಲು ಹೊಡೆದ ಅಂಗಿಯೊಂದನ್ನ ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಲೈಟ್ ಆರಿಸಿ ತೋರಿಸಿದೆ. ಹಸಿರಾಗಿ ಹೊಳೆಯಿತು. ಹಿರಿಯರಿಗೂ ಖುಷಿಯಾಯಿತು. ಲೈಟ್ ಆರಿದ ಮೊದಲ ನಿಮಿಷದಲ್ಲಿ ಎಂಥಾ ಕಳಪೆ ಪುಡಿಯೂ ಹೊಳೆಯುತ್ತದೆ, ಆಮೇಲೆ ದಡದಡ ಇಳಿಯುತ್ತದೆ ಅನ್ನೋದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಹೊರಡುವತನಕ ಅಂಗಿಗಳು ಚೀಲದಲ್ಲಿ ಮಡಚಿಕೊಂಡು ಕೂತಿದ್ದವು, ಬೆಳಕೇ ಕುಡಿದಿರಲಿಲ್ಲ. ದಾರಿಯಲ್ಲಿ ಸಿಗುವ ಚೌಡಾಪುರ ಇನ್ನೂ ಮುಂದಿರುವಾಗಲೇ ಫೋನ್ ಬಂತು. ಕಬ್ಬಿನ ಟ್ರ್ಯಾಕ್ಟರ್ ದಾಟಲು ಹೋದ ಬೈಕಿನವನು ಅಂಚಿಗೆ ಬಂದು ಹುಡುಗನಿಗೆ ಹ್ಯಾಂಡಲ್ ಬಡಿಸಿದ್ದ. “ಕಾಣ್ಲೇ ಇಲ್ರಿ” ಅಂದನಂತೆ. ಕತ್ತಲಲ್ಲಿ ಕರೀ ಅಂಗಿ, ಅವನ ಮಾತು ಖರೇನೇ.

ಆಮೇಲೆ ಕೂತು ಕೇಳಿ, ಓದಿ, ಮಾಡಿ ನೋಡಿ ತಿಳಿದದ್ದು ಇದು. ನಾವು ರೇಡಿಯಂ ಅನ್ನೋದು ಮೂರು ಬೇರೆ ಬೇರೆ ಸಾಮಾನಿಗೆ. ಗಾಡಿ ಹಿಂದೆ ಅಂಟಿಸುವ ಸ್ಟಿಕರ್ ರಿಫ್ಲೆಕ್ಟರ್. ಅದು ಹೆಡ್‌ಲೈಟಿನ ಬೆಳಕನ್ನ ಬಂದ ದಾರಿಗೇ ತಿರುಗಿಸಿ ಡ್ರೈವರನ ಕಣ್ಣಿಗೆ ಹೊಡೆಯುತ್ತದೆ. ಕಣ್ಣು ಕುಕ್ಕುವ ಹಳದಿ, ಗುಲಾಬಿ ನಿಯಾನ್ ಇಂಕು ಹಗಲಿಗಷ್ಟೇ. ಕತ್ತಲಲ್ಲಿ ಹೊಳೆಯುವುದು ಮೂರನೆಯದು, ಬೆಳಕು ಕುಡಿದು ನಿಧಾನಕ್ಕೆ ಬಿಡುವ ಪುಡಿ. ಯಾವುದರಲ್ಲೂ ರೇಡಿಯಂ ಇಲ್ಲ. 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ಆ ಧಾತುವನ್ನ ಹಿಂದೆ ಗಡಿಯಾರದ ಮುಳ್ಳಿಗೆ ಬಳೀತಿದ್ದರು, ಬಳಿದ ಹೆಣ್ಣುಮಕ್ಕಳಲ್ಲಿ ಹಲವರು ರೋಗ ಬಂದು ಸತ್ತರು. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದಿದೆ.

ಅಂದರೆ ನನ್ನ ಪ್ರಿಂಟ್ ಚೆನ್ನಾಗಿ ಬಂದಿದ್ದರೂ ಆ ಹುಡುಗನಿಗೆ ಉಪಯೋಗ ಇರಲಿಲ್ಲ. ಹೊಳೆಯುವ ಪುಡಿಯ ಬೆಳಕು ಬಹಳ ಮಂದ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಮಾತ್ರ ಕಾಣುತ್ತದೆ. ಹೆಡ್‌ಲೈಟ್ ಹಾಕಿಕೊಂಡು ಬರುವವನಿಗೆ ಅದು ಇದ್ದೂ ಇಲ್ಲದ ಹಾಗೆ. ರಸ್ತೆಗೆ, ಪಾದಯಾತ್ರೆಗೆ, ಗಾಡಿ ಓಡಿಸುವವರಿಗೆ ಅಂತ ಯಾರಾದರೂ ರೇಡಿಯಂ ಕೇಳಿದರೆ ರಿಫ್ಲೆಕ್ಟರ್ ಪಟ್ಟಿಯನ್ನೇ ಹಾಕಿಕೊಡಿ. ದಯವಿಟ್ಟು ಹೊಳೆಯುವ ಇಂಕು ಹಾಕಬೇಡಿ.

ನಾಟಕಕ್ಕೋ ಡ್ಯಾನ್ಸಿಗೋ ನಿಜವಾಗಿ ಹೊಳೆಯುವುದೇ ಬೇಕಿದ್ದರೆ ಪುಡಿ ಯಾವುದು ಅಂತ ಕೇಳಿ. ಜಿಂಕ್ ಸಲ್ಫೈಡ್ ಹಳೇ ಮಾಲು, ಬೇಗ ಆರುತ್ತದೆ. 1993ರಲ್ಲಿ ಜಪಾನಿನಲ್ಲಿ ಬಂದ ಸ್ಟ್ರಾಂಶಿಯಂ ಅಲ್ಯುಮಿನೇಟ್ ಗಂಟೆಗಟ್ಟಲೆ ಇರುತ್ತದೆ, ಆದರೆ ನೀರು ತಾಗಿದರೆ ಕೆಡುತ್ತದೆ. ಮೇಲೆ ಲೇಪ ಇಲ್ಲದ ಪುಡಿಯನ್ನ ವಾಟರ್‌ಬೇಸಿಗೆ ಕಲಸಲೇಬೇಡಿ, ನೀರು ಸೇರದ, ಕಾವಿಗೆ ಗಟ್ಟಿಯಾಗುವ ಪ್ಲಾಸ್ಟಿಸಾಲ್ ಇಂಕು ವಾಸಿ. ಜಾಳಿಗೆ ಸೆಂಟಿಮೀಟರಿಗೆ 43 ಎಳೆಯದು ಅಥವಾ ಇನ್ನೂ ದೊಡ್ಡ ಕಣ್ಣಿನದು ಇರಲಿ. ದಪ್ಪ ಪದರ ಕೂತರೇ ಹೊಳಪು.

ಎಲ್ಲಕ್ಕಿಂತ ಮುಖ್ಯ ಕೆಳಗಿನ ಬಿಳಿ. ಈ ಇಂಕು ಅರೆಪಾರದರ್ಶಕ. ಕಪ್ಪು ಬಟ್ಟೆಯ ಮೇಲೆ ನೇರ ಹೊಡೆದರೆ ಒಳಗೆ ಹೋಗುವ ಬೆಳಕನ್ನೂ ಹೊರಗೆ ಬರುವ ಬೆಳಕನ್ನೂ ಬಟ್ಟೆಯೇ ನುಂಗುತ್ತದೆ. ಮೊದಲು ಬಿಳಿ ಹೊಡೆದು, ಕಾವು ಕೊಟ್ಟು ಮೇಲ್ಮೈ ಒಣಗಿಸಿ, ಅದರ ಮೇಲೆ ಎರಡು ಕೈ ಹೊಳೆಯುವ ಇಂಕು. ಪ್ಲಾಸ್ಟಿಸಾಲ್ ಪೂರ್ತಿ ಬೇಯಲು ಸುಮಾರು 160 ಡಿಗ್ರಿ ಬೇಕು. ಅಷ್ಟು ಕಾವಿಗೆ ಪಾಲಿಯೆಸ್ಟರಿನ ಕಪ್ಪು ಎದ್ದು ಬಿಳಿಯೊಳಗೆ ಸೇರುತ್ತದೆ. ನಾನು ಆಮೇಲೆ ಹೊಡೆದ ಸ್ಯಾಂಪಲ್ ಸಂಜೆ ಹಾಲಿನ ಹಾಗಿತ್ತು, ಮೂರನೇ ದಿನಕ್ಕೆ ಬೂದಿ. ಹತ್ತಿ ಬಟ್ಟೆ ತರಿಸಿ, ಇಲ್ಲವೇ ಬಣ್ಣ ತಡೆಯುವ ಲೋ ಬ್ಲೀಡ್ ಬಿಳಿ ಕಡಿಮೆ ಕಾವಿನದು ಹುಡುಕಿ.

ಒಂದೇ ಒಂದು ಅಂಗಿ ಹೊಡೆದು, ಒಗೆದು, ಬಿಸಿಲಿಗೆ ಹಿಡಿದು, ಕತ್ತಲ ಕೋಣೆಯಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ಗಿರಾಕಿಯನ್ನೂ ಅಷ್ಟು ಹೊತ್ತು ಕೂರಿಸಿ ತೋರಿಸಿ.

ಆ ತಂಡದ ದುಡ್ಡು ವಾಪಸ್ ಕೊಟ್ಟಿದ್ದೀನಿ. ಅಂಗಿ ತಂದವರಿಗೆಲ್ಲ ಬೆನ್ನಿಗೆ, ತೋಳಿಗೆ ಎರಡಿಂಚಿನ ಬೆಳ್ಳಿ ರಿಫ್ಲೆಕ್ಟರ್ ಪಟ್ಟಿ ಹೊಲಿಸಿ ಕೊಡ್ತಿದ್ದೀನಿ. 71 ಬಂದಿವೆ, ಇನ್ನೂ 9 ಬರಬೇಕು. ನಿಮ್ಮ ಮನೆಯಲ್ಲಿ ಅಂಥ ಅಂಗಿ ಇದ್ದರೆ ಹಾಗೇ ತೊಟ್ಟುಕೊಂಡು ರಾತ್ರಿ ರಸ್ತೆಗೆ ಹೋಗಬೇಡಿ, ಅಂಗಡಿಗೆ ತನ್ನಿ.