ಕಡೆಯುವುದು ಅದರ ಕೆಲಸ, ತೊಳೆಯುವುದು ನನ್ನದು: ಟಿಲ್ಟಿಂಗ್ ಗ್ರೈಂಡರಿನ ಒಂದೂವರೆ ವರ್ಷ

ಗ್ರೈಂಡರ್ ತೆಗೆದುಕೊಳ್ಳಲು ಹೋದ ದಿನ ಅಂಗಡಿಯವರು ಮೋಟಾರ್ ಎಷ್ಟು ವ್ಯಾಟ್, ಕಲ್ಲು ಎಷ್ಟು, ವಾರಂಟಿ ಎಷ್ಟು ವರ್ಷ ಅಂತ ಎಲ್ಲವನ್ನೂ ನಮ್ಮವರ ಮುಖ ನೋಡಿಕೊಂಡೇ ಹೇಳಿದರು. ಮನೆಯಲ್ಲಿ ಕಡೆಯುವುದು ನಾನು. ನಮ್ಮವರಿಗೆ ಉದ್ದಿನಬೇಳೆ ಯಾವ ಡಬ್ಬಿಯಲ್ಲಿ ಇದೆ ಅಂತಲೂ ಗೊತ್ತಿಲ್ಲ. ನಾನು ಮಾತಾಡಲಿಲ್ಲ, ಸುಮ್ನೆ ಡ್ರಮ್ ಎತ್ತಿ ಸೊಂಟಕ್ಕೆ ಆನಿಸಿ, ಸಿಂಕಿಗೆ ಬಗ್ಗಿಸುವ ಹಾಗೆ ಬಗ್ಗಿಸಿ ನೋಡಿದೆ. ಅಂಗಡಿಯ ಹುಡುಗ ನಕ್ಕ. ನಗಲಿ. ಅವನು ತೋರಿಸಿದ ಎರಡು ಗ್ರೈಂಡರುಗಳಲ್ಲಿ ಒಂದು ಸಾದಾ, ಹಿಟ್ಟು ತೆಗೆಯಲು ಡ್ರಮ್ಮನ್ನೇ ಎತ್ತಬೇಕು. ಇನ್ನೊಂದು ಟಿಲ್ಟಿಂಗ್, ಹಿಡಿ ಒತ್ತಿದರೆ ಡ್ರಮ್ ತಾನೇ ವಾಲುತ್ತದೆ. ಸಾದಾ ಡ್ರಮ್ಮಿನ ತಳದಲ್ಲಿ ಕಲ್ಲು ಇರುತ್ತದೆ, ಅದರ ಮೇಲೆ ಹಿಟ್ಟಿನ ಭಾರ ಬೇರೆ. ಹೆರಿಗೆ ಆದ ಮೇಲೆ ನನ್ನ ಸೊಂಟ ಮೊದಲಿನ ಹಾಗಿಲ್ಲ. ಟಿಲ್ಟಿಂಗ್ ಕೊಡಿ ಅಂದೆ. 5,800 ರೂಪಾಯಿ ಆಯಿತು.

ಕಂಪನಿಯ ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಕೊಯಮತ್ತೂರಿನದ್ದು ಅಂತ ಮಾತ್ರ ಇಟ್ಟುಕೊಳ್ಳಿ. ನಮ್ಮ ಮಟ್ಟುಗುಳ್ಳಕ್ಕೆ, ಉಡುಪಿ ಮಲ್ಲಿಗೆಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದ್ದೇ ಅನ್ನುವ ಸರಕಾರಿ ಗುರುತು, ಇರುವ ಹಾಗೆ ಅಲ್ಲಿನ ಗ್ರೈಂಡರಿಗೂ ಇದೆ. ಬದನೆಕಾಯಿಗೂ ಗ್ರೈಂಡರಿಗೂ ಒಂದೇ ಮರ್ಯಾದೆ, ನೋಡಿ.

ಅದಕ್ಕಿಂತ ಮೊದಲು ಏಳು ವರ್ಷ ಮಿಕ್ಸಿಯಲ್ಲೇ ಇಡ್ಲಿ ಮಾಡಿದವಳು ನಾನು. ಅಮ್ಮನ ಮನೆ ಕಾಪುವಿನಲ್ಲಿ. ಅಲ್ಲಿ ಕಡೆಯುವ ಕಲ್ಲು ಇತ್ತು, ಈಗಲೂ ಇದೆ, ಬಾವಿಕಟ್ಟೆಯ ಪಕ್ಕದಲ್ಲಿ. ಅದರ ಗುಂಡಿಯಲ್ಲಿ ಮಳೆನೀರು ನಿಂತರೆ ಕಾಗೆಗಳು ಬಂದು ಕುಡಿದು ಹೋಗುತ್ತವೆ. ಆ ಕಲ್ಲಿನ ಇಡ್ಲಿ ತಿಂದು ಬೆಳೆದವಳಿಗೆ ಮಿಕ್ಸಿಯ ಇಡ್ಲಿ ಇಡ್ಲಿ ಅಂತ ಅನ್ನಿಸುವುದೇ ಇಲ್ಲ. ಜಾರ್ ಬಿಸಿ ಆಗುತ್ತದೆ, ಹಿಟ್ಟು ಬಿಸಿ ಆಗುತ್ತದೆ, ಐಸ್ ನೀರು ಹಾಕಿ ಕಡೆದರೂ ಮರುದಿನ ಇಡ್ಲಿ ಚಪ್ಪಟೆ. ಬ್ಲೇಡ್ ಬೇಳೆಯನ್ನು ಕತ್ತರಿಸುತ್ತದೆ. ಕಲ್ಲು ಹಾಗಲ್ಲ, ನಿಧಾನಕ್ಕೆ ಒತ್ತಿ ಒತ್ತಿ ತಿರುಗಿಸುತ್ತದೆ, ತಿರುಗುವಾಗ ಹಿಟ್ಟಿನ ಒಳಗೆ ಗಾಳಿ ಸೇರುತ್ತದೆ. ಒಂದು ಕುಡ್ತೆ ಉದ್ದು, ಎರಡು ಕುಡ್ತೆ ಅಕ್ಕಿ ತರಿ. ಅಳತೆ ಅದೇ, ಕುಡ್ತೆ ಅದೇ, ಗ್ರೈಂಡರ್ ಬಂದ ಮೇಲೆ ಇಡ್ಲಿ ಆರು ಜಾಸ್ತಿ. ಮೊದಲ ಸಲ ನಾನು ತಪ್ಪು ಎಣಿಸಿದೆ ಅಂದುಕೊಂಡೆ. ಎರಡನೇ ಸಲ ಅತ್ತೆಯೇ ಎಣಿಸಿದರು.

ಹೊಸ ಕಲ್ಲನ್ನು ಸುಮ್ನೆ ತೊಳೆದು ಶುರು ಮಾಡಬೇಡಿ. ಒಂದು ಹಿಡಿ ರೇಷನ್ ಅಕ್ಕಿ ನೆನೆಸಿ ಹಾಕಿ ಕಡೆದು ಚೆಲ್ಲಿ. ಬೂದಿ ಬಣ್ಣದ ನೀರು ಬರುತ್ತದೆ, ಅದು ಕಲ್ಲಿನ ಹುಡಿ. ಮತ್ತೆ ಕಡೆದು ಮತ್ತೆ ಚೆಲ್ಲಿ. ನನಗೆ ನಾಲ್ಕನೇ ಸಲಕ್ಕೆ ಬಿಳಿ ಬಂತು. ಅದನ್ನೆಲ್ಲ ತೆಂಗಿನ ಬುಡಕ್ಕೆ ಸುರಿದೆ, ಹೊಟ್ಟೆಗೆ ಮಾತ್ರ ಬೇಡ.

ಉದ್ದು ಕಡೆಯಲು 30ರಿಂದ 35 ನಿಮಿಷ ಬೇಕು. ನೀರು ಒಂದೇ ಸಲ ಹಾಕಿದರೆ ಕೆಟ್ಟಿತು, ಕೈಯಿಂದ ಚಿಮುಕಿಸುತ್ತಾ ಇರಬೇಕು. ಆಗಿದೆಯೋ ಅಂತ ನೋಡಲು ಒಂದು ಲೋಟ ನೀರಿಗೆ ಒಂದು ಚೂರು ಹಿಟ್ಟು ಬಿಡಿ, ತೇಲಿದರೆ ಆಯಿತು. ಕರೆಂಟು ಬಿಲ್ಲಿನ ಚಿಂತೆ ನಮ್ಮವರಿಗೆ ಇತ್ತು, ಅರ್ಧ ಗಂಟೆ ಓಡುತ್ತದಲ್ಲ ಅಂತ. ಮೋಟಾರ್ 150 ವ್ಯಾಟ್, ಅರ್ಧ ಗಂಟೆಯ ಹಾಗೆ 13 ಸಲ ಓಡಿದರೆ ಒಂದು ಯುನಿಟ್ ಮುಗಿಯುತ್ತದೆ ಅಷ್ಟೆ. ಲೆಕ್ಕ ಮಾಡಿ ತೋರಿಸಿದೆ. ಆಮೇಲೆ ಆ ಮಾತು ಬರಲಿಲ್ಲ.

ಇನ್ನೊಂದು ಲಾಭ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಮಧ್ಯಾಹ್ನ ಎರಡೂವರೆಗೆ ಗ್ರೈಂಡರ್ ಹಾಕುತ್ತೇನೆ, ಮೂರೂವರೆಗೆ ಮಗಳು ಎಲ್‌ಕೆಜಿಯಿಂದ ಬರುತ್ತಾಳೆ. ಆ ನಡುವೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರೆ ನನ್ನನ್ನು ಯಾರೂ ಕರೆಯುವುದಿಲ್ಲ. ಕರೆದರೂ "ಕಡೀತಾ ಇದ್ದೇನೆ" ಅಂದರೆ ಸಾಕು. ಕಾಲು ಚಾಚಿ ಕೂತಿದ್ದೇನೆ ಅಂದರೆ ಯಾರೂ ಬಿಡುವುದಿಲ್ಲ, ಅಲ್ವಾ? ಆ ಗುರ್ರ್ ಸದ್ದಿನಲ್ಲಿ ಅಮ್ಮನಿಗೆ ಫೋನ್ ಮಾಡಬಹುದು, ಹಾಲ್‌ನಲ್ಲಿ ಕೂತವರಿಗೆ ಒಂದು ಶಬ್ದವೂ ಕೇಳಿಸುವುದಿಲ್ಲ. ಮಿಕ್ಸಿಯಲ್ಲಿ ಈ ಸೌಕರ್ಯ ಇಲ್ಲ, ಅದು ಓಡುವಾಗ ನಮ್ಮ ಮಾತು ನಮಗೇ ಕೇಳುವುದಿಲ್ಲ.

ಇನ್ನು ಅದರ ದೋಷಗಳು. ತೊಳೆಯುವುದು ಮೊದಲನೆಯದ್ದು, ದೊಡ್ಡದೂ ಅದೇ. ಡ್ರಮ್, ಕಲ್ಲುಗಳು, ಕಲ್ಲು ಕೂರುವ ಹಿಡಿ, ಹಿಟ್ಟು ತಳ್ಳುವ ಪ್ಲಾಸ್ಟಿಕ್ ಪಟ್ಟಿ, ಮುಚ್ಚಳ. ಡ್ರಮ್ ಏನೋ ವಾಲಿಸಿ ನೀರು ಹಾಕಿ ತಿರುಗಿಸಿದರೆ ಮುಕ್ಕಾಲು ಪಾಲು ಸ್ವಚ್ಛ. ಕಲ್ಲು ತಿರುಗುವ ಆ ಕಂಬಿಯ ಸಂದಿ ಇದೆಯಲ್ಲ, ಹಿಟ್ಟು ಅಡಗುವುದು ಅಲ್ಲಿ. ಒಂದು ಭಾನುವಾರ ಯಾರೋ ಬಂದರು ಅಂತ ಹಾಗೇ ಬಿಟ್ಟು ಮರುದಿನ ನೋಡಿದರೆ ಹುಳಿ ವಾಸನೆ, ಸಂದಿಯಲ್ಲಿ ಕಟ್ಟಿದ ಹಿಟ್ಟು ಸಿಮೆಂಟಿನ ಹಾಗೆ. ಹಿಡಿಸೂಡಿಯ ಕಡ್ಡಿ ಮುರಿದು ಕೆರೆದು ತೆಗೆದೆ. ಆ ಕಡ್ಡಿ ಈಗ ಸಿಂಕಿನ ಪಕ್ಕ ಕಾಯಂ. ಕಂಪನಿಯವರು ಕಾಯಿ ತುರಿಯುವ ಬ್ಲೇಡನ್ನೂ ಚಪಾತಿ ಹಿಟ್ಟು ಕಲಸುವ ಕೊಕ್ಕೆಯನ್ನೂ ಫ್ರೀ ಅಂತ ಕೊಡುತ್ತಾರಲ್ಲ, ಅದರ ಬದಲು ಒಂದು ಸಣ್ಣ ಬ್ರಶ್ ಕೊಟ್ಟಿದ್ದರೆ ಕೈಮುಗಿಯುತ್ತಿದ್ದೆ. ಕಾಯಿ ತುರಿಯುವುದನ್ನು ಒಮ್ಮೆ ಹಾಕಿ ನೋಡಿದೆ, ಅರ್ಧ ಕಾಯಿ ಗೋಡೆಗೆ ಹಾರಿತು. ಅತ್ತೆ ಏನೂ ಹೇಳದೆ ಹೆರೆಮಣೆ ತಂದು ಇಟ್ಟು ಹೋದರು.

ಮಸಾಲೆ ಇದರಲ್ಲಿ ಬೇಡ. ನಾಲ್ಕು ಜನರ ಬಂಗುಡೆ ಸಾರಿಗೆ ಅರ್ಧ ಕಾಯಿ, ಹತ್ತು ಬ್ಯಾಡಗಿ ಮೆಣಸು ಹಾಕಿದರೆ ಕಲ್ಲಿಗೆ ಸಿಗುವುದೇ ಇಲ್ಲ, ಬದಿಗೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಎಷ್ಟು ತೊಳೆದರೂ ಮರುದಿನದ ಇಡ್ಲಿಗೆ ಬೆಳ್ಳುಳ್ಳಿ ಪರಿಮಳ. ನೀರುದೋಸೆಗೂ ಬೇಡ, ಮಿಕ್ಸಿಯೇ ಸಾಕು. ಗ್ರೈಂಡರ್ ತೊಳೆದು ಮುಗಿಸುವುದರೊಳಗೆ ದೋಸೆ ತಿಂದವರು ಕೈ ತೊಳೆದು ಎದ್ದಿರುತ್ತಾರೆ. ಸೇಮಿಗೆಗೆ ಕುಚ್ಚಲಕ್ಕಿ ಹಾಕುವುದಾದರೆ ರಾತ್ರಿಯೇ ಬಿಸಿನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಕಲ್ಲು ಕುಣಿಯುತ್ತದೆ, ಮೋಟಾರ್ ನರಳುತ್ತದೆ. ಸ್ವಲ್ಪ ಸ್ವಲ್ಪ ಹಾಕಿ. ನಾನು ಒಂದು ಸಲ ಅವಸರದಲ್ಲಿ ತುಂಬಿಸಿಬಿಟ್ಟೆ, ಬೆಲ್ಟ್ ಹೋಗಿದ್ದಕ್ಕೆ ಅದೇ ಕಾರಣವೋ ಏನೋ.

ಬೆಲ್ಟಿನ ಕತೆ ಹೇಳುತ್ತೇನೆ. ಕಳೆದ ವರ್ಷ ಅಷ್ಟಮಿಗೆ ಹತ್ತು ದಿನ ಇರುವಾಗ ಮೋಟಾರ್ ಸದ್ದು ಮಾಡುತ್ತದೆ, ಡ್ರಮ್ ತಿರುಗುವುದಿಲ್ಲ, ರಬ್ಬರ್ ಸುಟ್ಟ ವಾಸನೆ. ಕಂಪನಿಯ ನಂಬರಿಗೆ ಫೋನ್ ಮಾಡಿದೆ. 48 ಗಂಟೆಯಲ್ಲಿ ಬರುತ್ತಾರೆ ಮೇಡಂ ಅಂದರು. ಬರಲಿಲ್ಲ. ಮತ್ತೆ ಮಾಡಿದೆ, ಹೊಸ ಕಂಪ್ಲೇಂಟ್ ನಂಬರ್ ಕೊಟ್ಟು ಮತ್ತೆ 48 ಗಂಟೆ ಅಂದರು. ಮೂರನೇ ಸಲ ಒಬ್ಬ ಹುಡುಗಿ, ಪಾಪ, ನಿಮ್ಮ ಏರಿಯಾದ ಟೆಕ್ನಿಷಿಯನ್ ರಜೆಯಲ್ಲಿದ್ದಾರೆ ಅಂತ ಸತ್ಯ ಹೇಳಿಬಿಟ್ಟಳು. ಅಷ್ಟಮಿಗೆ ಎರಡು ದಿನ ಉಳಿದಿತ್ತು. ಮೂಡೆ, ಅಂದರೆ ಎಲೆಯ ಕೊಳವೆಗೆ ಹಿಟ್ಟು ಹೊಯ್ದು ಬೇಯಿಸುವ ಇಡ್ಲಿ, ಮಾಡದೆ ಅಷ್ಟಮಿ ಇಲ್ಲ ನಮ್ಮಲ್ಲಿ. ಮಿಕ್ಸಿಯಲ್ಲಿ ಕಡಿ ಅಂದರು ನಮ್ಮವರು. ಅವರು ಹಾಗೆ ಹೇಳದಿದ್ದರೆ ನಾನು ಬಹುಶಃ ಮಿಕ್ಸಿಯಲ್ಲೇ ಕಡೆಯುತ್ತಿದ್ದೆ.

ಮರುದಿನ ಮಗಳನ್ನು ಶಾಲೆಗೆ ಬಿಟ್ಟು ಬಂದು, ಡ್ರಮ್ ಮತ್ತು ಕಲ್ಲು ತೆಗೆದಿಟ್ಟು, ಕೆಳಗಿನ ಮೋಟಾರಿನ ಭಾಗವನ್ನು ಅಕ್ಕಿಯ ದಪ್ಪ ಚೀಲಕ್ಕೆ ತುಂಬಿ ಮಂಗಳೂರಿನ ಕಾವೂರಿನಲ್ಲಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗುವ ಬಸ್ಸು ಹತ್ತಿದೆ. ಏಳೆಂಟು ಕೆಜಿ ಇದ್ದೀತು. ಬೇರೆ ಊರಿನ ಗೆಳತಿಯರು ನಿಮಗೆಲ್ಲ ಬಸ್ ಫ್ರೀ ಅಲ್ವಾ ಅಂತ ಕೇಳುತ್ತಾರೆ. ಮಂಗಳೂರಿನ ಸಿಟಿಯೊಳಗೆ ಓಡುವುದು ಹೆಚ್ಚಿನವು ಪ್ರೈವೇಟ್ ಬಸ್ಸುಗಳು, ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ನನಗೆ ಟಿಕೆಟ್, ಚೀಲಕ್ಕೆ ಬೈಗುಳ. "ಅಕ್ಕ, ಉಲಾಯಿ ಪೋಲೆ, ಉಲಾಯಿ ಪೋಲೆ" ಅಂತ ಕಂಡಕ್ಟರ್ ಹಿಂದಿನಿಂದ ತಳ್ಳುವ ಹಾಗೆ ಹೇಳುತ್ತಿದ್ದ, ಚೀಲ ಎತ್ತಿಕೊಂಡು ಒಳಗೆ ಎಲ್ಲಿಗೆ ಹೋಗುವುದು ಮಾರಾಯ್ರೆ. ಕಡೆಗೆ ಡ್ರೈವರಿನ ಹಿಂದಿನ ಸೀಟಿನಲ್ಲಿದ್ದ ಒಬ್ಬರು ಅಜ್ಜಿ ಕಾಲು ಮಡಚಿ ಜಾಗ ಮಾಡಿದರು. ಒಳಗೆ ಏನು ಮಗಾ ಅಂದರು. ಗ್ರೈಂಡರ್ ಅಂದೆ. ಬೆಲ್ಟಾ ಅಂತ ಕೇಳಿದರು! ಹಂಪನಕಟ್ಟೆಯ ಹತ್ತಿರ ಇಂಥ ಕಡೆ ಒಳಗೊಂದು ಸಣ್ಣ ಅಂಗಡಿ ಇದೆ, ಅಲ್ಲಿ ಕೊಡು ಅಂತ ದಾರಿಯನ್ನೂ ಹೇಳಿದರು. ನಾನು ಹೊರಟಿದ್ದು ಬೇರೆ ಅಂಗಡಿಗೆ. ಅಜ್ಜಿಯ ಮಾತು ಕೇಳಿದ್ದು ಒಳ್ಳೆಯದಾಯಿತು.

ಆ ಅಂಗಡಿಗೆ ಬೋರ್ಡು ಇದ್ದ ಹಾಗೆ ನೆನಪಿಲ್ಲ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಗೋಡೆಯ ತುಂಬ ಬೆಲ್ಟುಗಳು ನೇತಾಡುತ್ತಿದ್ದವು, ನೆಲದ ಮೇಲೆ ಬಿಚ್ಚಿಟ್ಟ ಮಿಕ್ಸಿಗಳು. ಮಾಡುವ ಅಣ್ಣ ಚೀಲದಿಂದ ತೆಗೆದು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ, "ಬೆಲ್ಟ್. ಕುಚ್ಚಲಕ್ಕಿ ಹಾಕಿದ್ರಾ?" ಅಂದ. ಎಲ್ಲರಿಗೂ ಎಲ್ಲ ಗೊತ್ತಿದೆ ಈ ಊರಿನಲ್ಲಿ. ಬೆಲ್ಟ್ ಮತ್ತು ಕೂಲಿ ಸೇರಿ 250 ಅಂತ ಮೊದಲೇ ಹೇಳಿದ, ಆಮೇಲೆ ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಹಳೆಯ ಬೆಲ್ಟನ್ನು ಕೈಗೆ ಕೊಟ್ಟು ಎಲ್ಲಿ ಸವೆದಿದೆ ಅಂತ ತೋರಿಸಿದ. ಟಿಲ್ಟ್ ಆಗುವ ಕಡೆ ಲಾಕ್ ಸಡಿಲ ಇತ್ತು, ನಾನು ಹೇಳದಿದ್ದರೂ ಅದನ್ನು ಬಿಗಿ ಮಾಡಿದ. ಎದುರಿಗೆ ಇಬ್ಬರ ಕೆಲಸ ಇದ್ದ ಕಾರಣ ಮುಕ್ಕಾಲು ಗಂಟೆ ಬಿಟ್ಟು ಬನ್ನಿ ಅಂದ.

ಮುಕ್ಕಾಲು ಗಂಟೆ! ಕೈಯಲ್ಲಿ ಚೀಲ ಇಲ್ಲ, ಮಗು ಇಲ್ಲ, ಹಂಪನಕಟ್ಟೆಯಲ್ಲಿ ನಾನೊಬ್ಬಳೇ. ಎಷ್ಟು ವರ್ಷ ಆಯಿತೋ. ಮಾರ್ಕೆಟ್ ರೋಡಿನ ಕಡೆ ನಡೆದೆ. ಬದಿಯಲ್ಲಿ ಹೆಂಗಸರು ಮೂಡೆಯ ಓಲಿ, ಅಂದರೆ ಎಲೆ, ಸುತ್ತಿ ಕಟ್ಟು ಕಟ್ಟಿ ಮಾರುತ್ತಿದ್ದರು, ಹಲಸಿನ ಎಲೆಯ ಕೊಟ್ಟೆಯೂ ಇತ್ತು. ಇಪ್ಪತ್ತೈದು ಮೂಡೆ ತೆಗೆದುಕೊಂಡೆ. ಆಮೇಲೆ ಕಾಲು ತಾನೇ ಐಡಿಯಲ್ ಐಸ್‌ಕ್ರೀಮಿಗೆ ಹೋಯಿತು. 1975ರಲ್ಲಿ ಶುರುವಾದ ಅಂಗಡಿ, ಮದುವೆಗೆ ಮೊದಲು ಕಾಲೇಜು ಬಿಟ್ಟು ಬಂದು ಇಲ್ಲೇ ಕೂರುತ್ತಿದ್ದೆವು. ಬೆಳಿಗ್ಗೆ ಹನ್ನೊಂದೂವರೆಗೆ ಒಬ್ಬಳೇ ಕೂತು ಒಂದು ಪೂರ್ತಿ ಗಡ್‌ಬಡ್ ತಿಂದೆ. ಉದ್ದ ಗ್ಲಾಸಿನ ತಳದಲ್ಲಿ ಜೆಲ್ಲಿ ಇರುತ್ತದಲ್ಲ, ಅದು ಮನೆಯವರ ಜೊತೆ ಹೋದರೆ ಯಾವಾಗಲೂ ಮಗಳ ಪಾಲು. ಅವತ್ತು ಜೆಲ್ಲಿ ನನ್ನದು. ಮನೆಯಲ್ಲಿ ಈ ವಿಷಯ ಇವತ್ತಿನವರೆಗೂ ಹೇಳಿಲ್ಲ. ಐಸ್‌ಕ್ರೀಮಿಗೆ ಮಾರ್ಕು ಕೊಡಲು ನಾನು ಯಾರು, ಆದರೆ ಗೋಡಂಬಿಯಲ್ಲಿ ಕೈ ಬಿಗಿ ಮಾಡಿರಲಿಲ್ಲ.

ವಾಪಸು ಬರುವಾಗ ಮೂಡೆ, ಗ್ರೈಂಡರ್ ಎರಡೂ ಇದ್ದ ಕಾರಣ ರಿಕ್ಷಾ ಮಾಡಿದೆ. ಬೆಲ್ಟಿನ ಖರ್ಚಿಗಿಂತ ರಿಕ್ಷಾದ್ದೇ ಜಾಸ್ತಿ ಆಗುತ್ತದೋ ಅಂತ ಮೀಟರನ್ನೇ ನೋಡುತ್ತಾ ಬಂದೆ, ಆಗಲಿಲ್ಲ. ಅವತ್ತೇ ಸಂಜೆ ಉದ್ದು ಕಡೆದು, ರಾತ್ರಿ ಇಟ್ಟ ಹಿಟ್ಟು ಬೆಳಿಗ್ಗೆ ಪಾತ್ರೆಯ ಕಂಠದವರೆಗೆ ಬಂದಿತ್ತು. ಮಳೆಗಾಲದ ಥಂಡಿಯಲ್ಲೂ. ಏಪ್ರಿಲ್, ಮೇ ತಿಂಗಳಲ್ಲಿ ಇದೇ ಹಿಟ್ಟನ್ನು ನಾಲ್ಕೈದು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ಕಟ್ಟೆಯೆಲ್ಲ ಹರಿಯುತ್ತದೆ, ಅದನ್ನೂ ಒರೆಸಿದ್ದೇನೆ.

ಯಾರಿಗೆ ಬೇಕು, ಯಾರಿಗೆ ಬೇಡ ಅಂತ ಕೇಳಿದರೆ: ವಾರಕ್ಕೆ ಎರಡು ಸಲವಾದರೂ ಇಡ್ಲಿ, ಉದ್ದಿನ ದೋಸೆ, ಕಡುಬು ಮಾಡುವ ಮನೆಗೆ ಬೇಕು. ಗಂಡ ಹೆಂಡತಿ ಇಬ್ಬರೇ ಇದ್ದು ದಿನಾ ನೀರುದೋಸೆ, ಅವಲಕ್ಕಿ ಅಂದರೆ ದುಡ್ಡು ದಂಡ. ತೆಗೆದುಕೊಳ್ಳುವುದಾದರೆ ಟಿಲ್ಟಿಂಗ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕಲ್ಲು ಹಿಡಿಯುವ ಭಾಗವನ್ನು ಬಿಚ್ಚಿಸಿ ನೋಡಿ, ಸಂದಿಗೆ ನಿಮ್ಮ ಕಿರುಬೆರಳು ಹೋಗುತ್ತದೋ ಅಂತ. ಹೋಗದಿದ್ದರೆ ಬೇರೆ ತೋರಿಸಲು ಹೇಳಿ. ವಾರಂಟಿ ಕಾರ್ಡಿಗಿಂತ ಊರಿನಲ್ಲಿ ಆ ಕಂಪನಿಯ ಬೆಲ್ಟ್ ಎಲ್ಲಿ ಸಿಗುತ್ತದೆ ಅಂತ ಕೇಳಿ. ಗ್ರೈಂಡರಿಗೆ ಐದಕ್ಕೆ ನಾಲ್ಕು, ಕಂಪನಿಯ ಸರ್ವಿಸಿಗೆ ಸೊನ್ನೆ, ಹಂಪನಕಟ್ಟೆಯ ಅಣ್ಣನಿಗೆ ಐದು. ಬಸ್ಸಿನ ಅಜ್ಜಿಗೂ ಐದು.

ಹೋದ ತಿಂಗಳು ಅದೇ ಅಂಗಡಿಯಿಂದ ಒಂದು ಬೆಲ್ಟ್ ಹೆಚ್ಚಿಗೆ ತಂದು ಫ್ರಿಜ್ಜಿನ ಮೇಲೆ ಇಟ್ಟಿದ್ದೆ. ನಿನ್ನೆ ಹುಡುಕಿದರೆ ಇಲ್ಲ. ಮಗಳು ಅದನ್ನು ಕೊರಳಿಗೆ ಹಾಕಿಕೊಂಡು, ಅಜ್ಜಿಯ ಮಲ್ಲಿಗೆ ಒಂದೆಳೆ ಸಿಕ್ಕಿಸಿಕೊಂಡು, ಮದುಮಗಳಾಗಿ ಚಾವಡಿಯಲ್ಲಿ ಕೂತಿದ್ದಾಳೆ.